ಪಾರ್ಕು ಎಲ್ಲರಿಗೂ ಸಿಗಲಿ

ಮಂಡ್ಯ, ಮದ್ದೂರು, ಮಳವಳ್ಳಿಯವರೇ, ನಿಮ್ಮ ಬಡಾವಣೆಯ ನಕ್ಷೆಯಲ್ಲಿ ‘ಪಾರ್ಕ್’ ಎಂದು ಗುರುತು ಮಾಡಿದ ಜಾಗ ಈಗ ಏನಾಗಿದೆ, ನೋಡಿದ್ದೀರಾ?

ಆ ಜಾಗವನ್ನು ಬೇರೆ ಕೆಲಸಕ್ಕೆ ಬಳಸುವ ಹಾಗಿಲ್ಲ. ಅದಕ್ಕಂತಲೇ ಕರ್ನಾಟಕದಲ್ಲಿ 1985ರ ಕಾಯ್ದೆ ಇದೆ. ಬೆಂಗಳೂರಿನಲ್ಲಿ ಪಾರ್ಕಿಗೆ ಮೀಸಲಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಬಡಾವಣೆಯ ಜನ ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಜನರ ಪರ ತೀರ್ಪು ಕೊಟ್ಟಿತು.

ಜಾಗ ಉಳಿದರಷ್ಟೇ ಸಾಲದು, ಎಲ್ಲರೂ ಒಳಗೆ ಹೋಗುವಂತಿರಬೇಕು. ಗೇಟಿಗೆ ಅಡ್ಡ ಕಂಬಿ ಇದ್ದರೆ ಗಾಲಿಕುರ್ಚಿ ಅಲ್ಲೇ ನಿಲ್ಲುತ್ತದೆ. ಸಂಜೆ ದೀಪ ಉರಿಯದಿದ್ದರೆ ಗಾರ್ಮೆಂಟ್ಸ್ ಕೆಲಸ ಮುಗಿಸಿ ಬರುವ ಅಕ್ಕಂದಿರು ಒಳಗೆ ಕಾಲಿಡುವುದಿಲ್ಲ. ಶೌಚಾಲಯ ಇಲ್ಲದಿದ್ದರೆ ಅಜ್ಜ, ಅಜ್ಜಿ ಅರ್ಧ ಗಂಟೆಯೂ ಕೂರಲಾರರು.

ಇದೆಲ್ಲ ನಮ್ಮಿಂದ ಆಗುತ್ತದೆಯೇ ಎನ್ನುವಿರಾ? ಮಳವಳ್ಳಿ ತಾಲ್ಲೂಕು ದಾಸನದೊಡ್ಡಿಯ ಕುರಿಗಾಹಿ ಕಾಮೇಗೌಡರು ಪ್ರಾಣಿ, ಪಕ್ಷಿಗಳಿಗೆ ನೀರು ಸಿಗಲೆಂದು ಸ್ವಂತ ದುಡ್ಡಿನಲ್ಲಿ ಬೆಟ್ಟದ ಮೇಲೆ ಕಟ್ಟೆಗಳನ್ನು ತೋಡಿಸಿದರು, ಗಿಡ ನೆಟ್ಟು ಬೆಳೆಸಿದರು. ಒಬ್ಬರೇ ಅಷ್ಟು ಮಾಡಿದರೆ, ಒಂದು ಊರು ಎಷ್ಟು ಮಾಡಬಹುದು!

ನಗರಸಭೆ, ಪುರಸಭೆಗೆ ಹೋಗಿ ಬಡಾವಣೆಯ ನಕ್ಷೆ ಕೇಳಿ. ಕೊಡದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ರ‍್ಯಾಂಪ್, ದೀಪ, ಶೌಚಾಲಯ ಬೇಕೆಂದು ಬೀದಿಯವರೆಲ್ಲ ಸೇರಿ ಬರೆದುಕೊಡಿ. ಈ ವಿಡಿಯೊವನ್ನು ನಿಮ್ಮ ವಾರ್ಡಿನ ವಾಟ್ಸಾಪ್ ಗ್ರೂಪಿಗೆ ಇವತ್ತೇ ಕಳಿಸಿ.