ಆ ಹತ್ತು ಸೆಕೆಂಡ್ ಎಲ್ಲಿ ಹೋಯಿತು?

ದೀಪಾವಳಿಗೆ ಊರಿಗೆ ಹೋಗಲು ಬಸ್ ಟಿಕೆಟ್ ಬುಕ್ ಮಾಡುತ್ತಿದ್ದೀರಿ. ದುಡ್ಡು ಕಟ್ ಆಗಿದೆ, ಟಿಕೆಟ್ ಬಂದಿಲ್ಲ. ಅತ್ತ ಎಂಜಿನಿಯರ್ ಮುಂದಿನ ಡ್ಯಾಶ್‌ಬೋರ್ಡ್ ಮಾತ್ರ ಹಸಿರಾಗಿಯೇ ಇರುತ್ತದೆ! ಕಾರಣ ಸರಾಸರಿ. 99 ರಿಕ್ವೆಸ್ಟ್‌ಗಳಿಗೆ ತಲಾ 100 ಮಿಲಿಸೆಕೆಂಡ್, ಒಂದಕ್ಕೆ 10 ಸೆಕೆಂಡ್ ಹಿಡಿದರೂ ಸರಾಸರಿ ಬರುವುದು 199 ಮಿಲಿಸೆಕೆಂಡ್. ಕಾದು ಕುಳಿತ ಆ ಒಬ್ಬರು ಅದರಲ್ಲಿ ಕಾಣುವುದೇ ಇಲ್ಲ.

ಅವರನ್ನು ಕಾಣಿಸುವುದು ಟ್ರೇಸಿಂಗ್. ಪ್ರತಿ ರಿಕ್ವೆಸ್ಟ್‌ಗೂ ಒಂದು ಗುರುತಿನ ಸಂಖ್ಯೆ ಕೊಡುತ್ತೇವೆ. ಸೀಟು, ಪಾವತಿ, ಎಸ್ಸೆಮ್ಮೆಸ್ ಹೀಗೆ ಯಾವ ಸರ್ವರ್‌ಗೆ ಹೋದರೂ ಆ ಸಂಖ್ಯೆ ಜೊತೆಗೇ ಸಾಗುತ್ತದೆ. ಪ್ರತಿ ಹಂತಕ್ಕೆ ಹಿಡಿದ ಸಮಯ ‘ಸ್ಪ್ಯಾನ್’ ಆಗಿ ದಾಖಲಾಗುತ್ತದೆ. ಎಲ್ಲಿ ತಡವಾಯಿತು ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ.

ಗೂಗಲ್ ತನ್ನ ‘ಡ್ಯಾಪರ್’ ವ್ಯವಸ್ಥೆಯ ವಿವರ ಪ್ರಕಟಿಸಿದ್ದು 2010ರಲ್ಲಿ. 2019ರಲ್ಲಿ ಓಪನ್‌ಟ್ರೇಸಿಂಗ್, ಓಪನ್‌ಸೆನ್ಸಸ್ ಒಂದಾಗಿ ಓಪನ್‌ಟೆಲಿಮೆಟ್ರಿ ಹುಟ್ಟಿತು. ಇದು ಉಚಿತ, ಜಾವಾ, ಪೈಥಾನ್, ನೋಡ್‌ಗಳಲ್ಲಿ ಕೋಡನ್ನು ಹೆಚ್ಚು ಮುಟ್ಟದೆಯೇ ಅಳವಡಿಸಬಹುದು.

ಎರಡು ಎಚ್ಚರಿಕೆಗಳು: ಎಲ್ಲ ಟ್ರೇಸ್ ಕೂಡಿಟ್ಟರೆ ಖರ್ಚು ಏರುತ್ತದೆ, ಕೆಲಸ ಮುಗಿದ ಮೇಲೆ ಆಯ್ದು, ತಡವಾದದ್ದನ್ನೂ ಸೋತದ್ದನ್ನೂ ತಪ್ಪದೆ ಉಳಿಸಿ. ಪಾಸ್‌ವರ್ಡ್, ಕಾರ್ಡ್ ನಂಬರ್ ಮಾತ್ರ ಸ್ಪ್ಯಾನ್‌ನೊಳಗೆ ಸೇರಲೇಬಾರದು. ಮುಂದಿನ ಹಬ್ಬದ ರಶ್‌ಗೆ ಮೊದಲೇ ಪಾವತಿಯ ದಾರಿಯೊಂದಕ್ಕಾದರೂ ಇದನ್ನು ಹಾಕಿ ನೋಡಿ.