ದಂಡೆ ಕುಸಿಯುವುದು ಅಲೆಯಿಂದ ಮಾತ್ರವಲ್ಲ

ಅಮೆರಿಕದ ಮಿಷಿಗನ್ ಸರೋವರದ ಅಂಚಿನ ಎತ್ತರದ ದಿಬ್ಬಗಳ ಮೇಲೆ ಮನೆ ಕಟ್ಟಿಕೊಂಡವರಲ್ಲಿ ಆಳವಾಗಿ ಬೇರೂರಿರುವ ನಂಬಿಕೆಯೆಂದರೆ, ದಂಡೆಯನ್ನು ಕೊರೆಯುವುದು ಅಲೆಯೊಂದೇ, ಅದನ್ನು ತಡೆದರೆ ಮನೆ ಉಳಿಯುತ್ತದೆ ಎಂಬುದು. ದಿಬ್ಬದ ಬುಡವನ್ನು ಅಲೆ ತಿನ್ನುವುದು ನಿಜ. ಆದರೆ ಈ ದಿಬ್ಬಗಳಲ್ಲಿ ಹೆಚ್ಚಿನವು ಬಂಡೆಯವಲ್ಲ, ಹಿಮಯುಗದ ಹಿಮನದಿಗಳು ಬಿಟ್ಟುಹೋದ ಜೇಡಿ, ಮರಳು, ಗರಸುಗಳ ರಾಶಿಗಳು. ಸೂರಿನಿಂದಲೂ ಅಂಗಳದಿಂದಲೂ ಹರಿದುಬಂದ ಮಳೆನೀರು, ಹುಲ್ಲುಹಾಸಿಗೆ ಹಾಯಿಸಿದ ನೀರು, ಸೆಪ್ಟಿಕ್ ಟ್ಯಾಂಕಿನಿಂದ ಹೊರಬಿದ್ದ ನೀರು ಎಲ್ಲವೂ ಮರಳಿನ ಪದರದಲ್ಲಿ ಇಂಗಿ ಇಳಿಯುತ್ತವೆ. ಅದರ ಕೆಳಗೆ ಜೇಡಿಯ ಪದರವಿದ್ದಲ್ಲಿ ಮುಂದಕ್ಕೆ ದಾರಿಯಿಲ್ಲದೆ ಅಡ್ಡಕ್ಕೆ ಸರಿದು ದಿಬ್ಬದ ಮುಖದಲ್ಲಿ ಊಟೆಯಾಗಿ ಜಿನುಗುತ್ತವೆ. ಹೀಗೆ ನೆನೆದ ಮಣ್ಣಿನ ತೂಕ ಹೆಚ್ಚುತ್ತದೆ, ಕಣಗಳ ನಡುವೆ ಸಿಕ್ಕಿಕೊಂಡ ನೀರಿನ ಒತ್ತಡ, ಅಂದರೆ ರಂಧ್ರಜಲದ ಒತ್ತಡ, ಏರಿ ಅವುಗಳ ಪರಸ್ಪರ ಹಿಡಿತ ಸಡಿಲವಾಗುತ್ತದೆ, ಕೊನೆಗೆ ದಿಬ್ಬದ ಒಂದು ಪಾಲು ಇಡಿಯಾಗಿ ಜಾರುತ್ತದೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೆಲ ವಸಂತದಲ್ಲಿ ಕರಗುವಾಗ, ಸರೋವರ ಶಾಂತವಾಗಿರುವ ದಿನದಲ್ಲೂ ಕುಸಿತ ಸಂಭವಿಸುವುದು ಇದರಿಂದಲೇ. ನೋಟ ಚೆನ್ನಾಗಿರಲೆಂದು ಅಂಚಿನ ಗಿಡಮರಗಳನ್ನು ಕಡಿದು ಹುಲ್ಲುಹಾಸು ಬೆಳೆಸುವುದಂತೂ ತಾನಾಗಿ ತಂದುಕೊಂಡ ಆಪತ್ತು. ಕತ್ತರಿಸಿದ ಹುಲ್ಲಿನ ಗಿಡ್ಡ ಬೇರು ಮಣ್ಣನ್ನು ಆಳದಲ್ಲಿ ಹಿಡಿಯಲಾರದು.

ತಡೆಗೋಡೆಯ ಮೇಲಿನ ಭರವಸೆಯೂ ಅರ್ಧಸತ್ಯವೇ. ನೆಟ್ಟನೆಯ ಗೋಡೆಗೆ ಬಡಿದ ಅಲೆ ಹಿಂದಕ್ಕೂ ಕೆಳಕ್ಕೂ ತಿರುಗಿ ಗೋಡೆಯ ಬುಡದ ಮರಳನ್ನೇ ಎಳೆದೊಯ್ಯುತ್ತದೆ. ದಿಬ್ಬ ಸವೆದು ಒದಗಿಸುತ್ತಿದ್ದ ಮರಳು ನಿಂತುಹೋಗುವುದರಿಂದ ಪಕ್ಕದವರ ದಂಡೆ ಬಡವಾಗುತ್ತದೆ. ಕರ್ನಾಟಕ ಕರಾವಳಿಯ ಉಳ್ಳಾಲದ ಕಡಲ್ಕೊರೆತವನ್ನೂ ಅಲ್ಲಿ ಮತ್ತೆ ಮತ್ತೆ ಸುರಿದ ಕಲ್ಲುಗಳನ್ನೂ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸರೋವರದ ಮಟ್ಟವನ್ನು ಸರ್ಕಾರ ಬೇಕೆಂದಂತೆ ಇಳಿಸಬಹುದೆಂಬ ಎಣಿಕೆಯೂ ಸಾಮಾನ್ಯ. ತೂಬು ಎತ್ತಿ ನೀರು ಬಿಡಲು ಇದು ಕಟ್ಟೆ ಕಟ್ಟಿ ನಿಲ್ಲಿಸಿದ ಕೆರೆಯಲ್ಲ. ಮೇಲಿನಿಂದ ಇತ್ತ ನೀರು ಹರಿಸುವ ಸುಪೀರಿಯರ್ ಸರೋವರದ ಹೊರಹರಿವನ್ನು ಸೂ ಸೇಂಟ್ ಮೇರಿ ಊರಿನ ಬಳಿ ನಿಯಂತ್ರಿಸುವುದುಂಟು, ಶಿಕಾಗೋ ಕಾಲುವೆಯಿಂದ ಸ್ವಲ್ಪ ನೀರು ಹೊರಹೋಗುವುದೂ ಉಂಟು; ಆದರೂ ಮಿಷಿಗನ್ ಸರೋವರದ ಏರಿಳಿತವನ್ನು ಮುಖ್ಯವಾಗಿ ನಿರ್ಧರಿಸುವುದು ಮಳೆ, ಹಿಮ, ನದಿಗಳ ಒಳಹರಿವು ಮತ್ತು ಆವಿಯಾಗುವಿಕೆ. 2013ರ ಜನವರಿಯಲ್ಲಿ ದಾಖಲೆಯ ಕೆಳಮಟ್ಟಕ್ಕೆ ಇಳಿದಿದ್ದ ನೀರು 2020ರ ಬೇಸಿಗೆಯ ಹೊತ್ತಿಗೆ 1.8 ಮೀಟರಿಗೂ ಹೆಚ್ಚು ಏರಿತು.

ನೀರು ಇಳಿದ ವರ್ಷಗಳಲ್ಲಿ ದಂಡೆ ಸುರಕ್ಷಿತವೆಂಬ ನಂಬಿಕೆ ಇವೆಲ್ಲಕ್ಕಿಂತ ಅಪಾಯಕಾರಿಯಾದುದು. ಆಗ ಅಲೆಗಳು ದಂಡೆಯಿಂದ ದೂರದಲ್ಲಿ ಮುರಿಯುತ್ತ ಜೇಡಿಮಣ್ಣಿನ ಸರೋವರತಳವನ್ನು ಸವೆಸುತ್ತಿರುತ್ತವೆ. ಮರಳಾದರೆ ಮರಳಿ ಬಂದು ಕೂರಬಹುದು, ಸವೆದ ಜೇಡಿ ಮತ್ತೆ ಕೂಡಿಕೊಳ್ಳದು. ತಳ ಆಳವಾದಷ್ಟೂ ಮುಂದಿನ ಏರುಮಟ್ಟದಲ್ಲಿ ದೊಡ್ಡ ಅಲೆಗಳು ದಿಬ್ಬದ ಬುಡದವರೆಗೆ ಬರುತ್ತವೆ. ಆದಕಾರಣ ಮಿಷಿಗನ್ ರಾಜ್ಯದ ನಿಯಮ ಒಂದೆರಡು ವರ್ಷದ ನೀರಿನ ಮಟ್ಟವನ್ನು ನೆಚ್ಚದೆ, ದೀರ್ಘಾವಧಿಯ ಸರಾಸರಿಯಲ್ಲಿ ವರ್ಷಕ್ಕೆ ಒಂದು ಅಡಿ ಅಥವಾ ಅದಕ್ಕಿಂತ ಹೆಚ್ಚು ಹಿಂಜರಿಯುವ ದಂಡೆಯನ್ನು ಅಧಿಕ ಅಪಾಯದ ಪ್ರದೇಶವೆಂದು ಗುರುತಿಸಿ, ಹೊಸ ಮನೆ ಅಂಚಿನಿಂದ ಎಷ್ಟು ದೂರವಿರಬೇಕೆಂಬುದನ್ನು ಆ ಹಿಂಜರಿತದ ವೇಗದಿಂದಲೇ ಲೆಕ್ಕಹಾಕುತ್ತದೆ.