ಮುಂದಿನ ಫೋನ್ ಯಾಕೆ ದುಬಾರಿ?

ಹೊಸ ಫೋನ್ ತಗೋಬೇಕು ಅಂತಿದ್ದೀರಾ? 2026ರಲ್ಲಿ ನಿಮ್ಮ ಜೇಬಿಗೆ ಕತ್ತರಿ ಹಾಕೋದು ಕ್ಯಾಮೆರಾ ಅಲ್ಲ, ರ‍್ಯಾಮ್.

ಉಗುರಿನಷ್ಟಗಲದ ಈ ಚಿಪ್ ಹೆಚ್ಚಾಗಿ ತಯಾರಿಸೋದು ಮೂರೇ ಕಂಪನಿ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗೆ ಕೈತುಂಬ ದುಡ್ಡು ಕೊಡ್ತಿವೆ. ಕಾರ್ಖಾನೆಗಳೂ ಅತ್ತಲೇ ವಾಲಿವೆ, ಫೋನಿಗೆ ಸಿಗೋದು ಕಮ್ಮಿ. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್, ಗ್ರಾಹಕರಿಗೆ ರ‍್ಯಾಮ್ ಮಾರುತ್ತಿದ್ದ ತನ್ನ ಕ್ರೂಶಿಯಲ್ ವ್ಯಾಪಾರವನ್ನೇ ನಿಲ್ಲಿಸೋದಾಗಿ ಹೇಳಿತು.

ನನ್ನ ಲೆಕ್ಕದಲ್ಲಿ ದೊಡ್ಡ ಪೆಟ್ಟು 15,000 ರೂಪಾಯಿ ಒಳಗಿನ ಫೋನಿಗೆ. ಅಲ್ಲಿ ಲಾಭವೇ ತೆಳು. ಒಂದೋ ಬೆಲೆ ಏರುತ್ತೆ, ಇಲ್ಲಾ ಅದೇ ಬೆಲೆಗೆ 6 ಜಿಬಿ ಬದಲು 4 ಜಿಬಿ ಬರುತ್ತೆ.

ಡಬ್ಬಿ ಮೇಲೆ ‘4+4 ಜಿಬಿ’ ಅಂತಿದ್ರೆ ಹುಷಾರು. ಆ ಎರಡನೇ ನಾಲ್ಕು ನಿಜವಾದ ರ‍್ಯಾಮ್ ಅಲ್ಲ, ಸ್ಟೋರೇಜ್‌ನಿಂದ ಕಡ ತಂದದ್ದು.

ಲ್ಯಾಪ್‌ಟಾಪ್ ಬೆಲೆಗೂ ಇದೇ ಬಿಸಿ. ಆಫೀಸಿಗೆ ಹತ್ತಾರು ಲ್ಯಾಪ್‌ಟಾಪ್ ಬೇಕಾ? ಕೊಟೇಶನ್ ಈಗಲೇ ತರಿಸಿ.